ನಮ್ಮ ಶಾಲೆಯ ಬರಹಕ್ಕೆ ನಮ್ಮದೇ ಒಂದು ಕಣಜ

(ಮೊಗುಡಂಪಲ್ಲಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಪಾಲಕರ ಸಭೆ ಎಂದರೆ ಮಕ್ಕಳ ಹಾಜರಿ, ಅಂಕ, ಬಿಸಿಯೂಟ ಇವುಗಳ ಮಾತೇ ಆಗುವುದು ವಾಡಿಕೆ. ಆ ಮಾತುಗಳನ್ನು ನಮ್ಮ ಮುಖ್ಯೋಪಾಧ್ಯಾಯರು ಆಗಲೇ ಆಡಿದ್ದಾರೆ. ನಾನು ಇವತ್ತು ಗಣಕಯಂತ್ರದ ಬಗ್ಗೆ, ಅದರಲ್ಲೂ ನಮ್ಮ ಶಾಲೆಯ ಬರಹಗಳನ್ನು ನಮ್ಮದೇ ಗಣಕಯಂತ್ರದಲ್ಲಿ ಜೋಡಿಸಿಡುವ ಒಂದು ವ್ಯವಸ್ಥೆಯ ಬಗ್ಗೆ ಹೇಳಬೇಕೆಂದಿದ್ದೇನೆ. ವಿಷಯ ತಿಳಿದ ಕೂಡಲೇ ಒಬ್ಬ ಪಾಲಕರು ಬಾಗಿಲಲ್ಲೇ ನನ್ನನ್ನು ಹಿಡಿದು, "ಸರ, ಕಂಪ್ಯೂಟರ್ ಅಂದ್ರ ನಮಗ ಏನ್ ತಿಳೀತದ್ರಿ? ಹುಡುಗ್ರಿಗಿ ಹೇಳ್ರಿ, ನಮಗ್ಯಾಕ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದೇ ಜಿಲ್ಲೆಯ ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ನ್ಯಾಲ್ಕಲ್ ಸರ್ಕಲ್ ಮತ್ತು ನಾರಾಯಣಖೇಡ ತಾಲ್ಲೂಕು, ಅತ್ತ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಂದು ಅದು ತೆಲಂಗಾಣವಾಯಿತು. 2016ರಲ್ಲಿ ಮೆದಕ್ ಜಿಲ್ಲೆಯನ್ನು ಒಡೆದು ಸಂಗಾರೆಡ್ಡಿ ಜಿಲ್ಲೆ ಮಾಡಿದಾಗ ನಮ್ಮ ಮೊಗುಡಂಪಲ್ಲಿಯೂ ಒಂದು ಮಂಡಲವಾಯಿತು. ನಮ್ಮ ಹಿರಿಯರು ಕೂತ ಕಟ್ಟೆಯ ಮೇಲೆಯೇ ಕೂತಿದ್ದರು, ಕಚೇರಿ ಮಾತ್ರ ಊರಿಂದ ಊರಿಗೆ ಬದಲಾಗುತ್ತ ಹೋಯಿತು. ಕಚೇರಿ ಬದಲಾದಾಗಲೆಲ್ಲ ಕಾಗದ ಪತ್ರಗಳು ಒಂದು ಬೀರುವಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಹೋಗುವಾಗ ಕೆಲವು ಕಳೆಯುತ್ತವೆ.

ಕಳೆದರೆ ಏನಾಗುತ್ತದೆ ಎಂದು ಕೇಳಬಹುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಕೊಡುವ ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿ ಇರಬೇಕೆಂದು 350ಬಿ ವಿಧಿ ಹೇಳುತ್ತದೆ. ಎರಡೂ 1956ರ ಏಳನೆಯ ತಿದ್ದುಪಡಿಯಿಂದ ಬಂದವು. ಅದಕ್ಕೂ ಮೊದಲೇ, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯಲ್ಲಿ ಕಲಿಸುವ ಒಬ್ಬ ಶಿಕ್ಷಕನನ್ನಾದರೂ ಕೊಡಬೇಕೆಂದು ಒಪ್ಪಿತ್ತು. ಗಮನಿಸಿ, ಇಲ್ಲಿ ಮಾತು ಸಂಖ್ಯೆಯ ಮೇಲೆ ನಿಂತಿದೆ. ಯಾವ ವರ್ಷ ಎಷ್ಟು ಮಕ್ಕಳಿದ್ದರು, ನಾವು ಯಾವ ತಾರೀಖಿಗೆ ಅರ್ಜಿ ಕೊಟ್ಟೆವು, ಪಠ್ಯಪುಸ್ತಕ ಯಾವ ತಿಂಗಳು ಬಂತು ಎಂಬುದನ್ನು ಕೇಳಿದ ತಕ್ಷಣ ತೋರಿಸಬಲ್ಲ ಶಾಲೆಗೆ ಅರ್ಧ ಕೆಲಸ ಆದಂತೆ. ತೋರಿಸಲಾರದವರು "ನೋಡೋಣ" ಎಂಬ ಉತ್ತರ ಕೇಳಿ ಬಸ್ಸು ಹತ್ತಿ ವಾಪಸು ಬರಬೇಕು. ನಾನು ಹಾಗೆ ವಾಪಸು ಬಂದಿದ್ದೇನೆ, ಒಂದು ಸಲವಲ್ಲ.

ಇದು ದಾಖಲೆಯ ಮಾತಾಯಿತು. ಎರಡನೆಯದು ಮಕ್ಕಳ ಓದಿನ ಮಾತು. ತೆಲುಗು ಮಾಧ್ಯಮದ ಮಗುವಿಗೆ ಅಂಗಡಿಯಲ್ಲಿ ಅಭ್ಯಾಸ ಪುಸ್ತಕ ಸಿಗುತ್ತದೆ, ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ. ನಮ್ಮ ಮಗುವಿಗೆ ಪಠ್ಯಪುಸ್ತಕ ಬಿಟ್ಟರೆ ಕನ್ನಡದಲ್ಲಿ ಎರಡನೆಯ ಕಾಗದ ಸಿಗುವುದು ಕಷ್ಟ. ಗಡಿಯಾಚೆ ಬೀದರಿನಲ್ಲಿ ಸಿಗುವ ಪುಸ್ತಕ ಕರ್ನಾಟಕದ ಪಠ್ಯಕ್ಕೆ ಬರೆದದ್ದು, ನಮ್ಮ ಪಾಠಕ್ಕೆ ಹೊಂದುವುದಿಲ್ಲ. ಆದ್ದರಿಂದ ನಮ್ಮಂಥ ಶಿಕ್ಷಕರು ಪ್ರಶ್ನೆಪತ್ರಿಕೆ, ಟಿಪ್ಪಣಿ, ಗಣಿತದ ಲೆಕ್ಕ ಎಲ್ಲವನ್ನೂ ಕೈಯಾರೆ ಬರೆದು ಮಾಡುತ್ತೇವೆ. ಒಬ್ಬ ಶಿಕ್ಷಕ ವರ್ಗವಾಗಿ ಹೋದಾಗ ಅವನ ಚೀಲದ ಜೊತೆ ಅದೂ ಹೋಗುತ್ತದೆ, ಹೊಸಬ ಮತ್ತೆ ಮೊದಲಿನಿಂದ ಬರೆಯುತ್ತಾನೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ನಾವು ಬುದ್ಧಿವಂತರಾಗಿ ಹಲವು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬೆರಳಚ್ಚು ಮಾಡಿ ಗಣಕಯಂತ್ರದಲ್ಲಿಟ್ಟಿದ್ದೆವು. ಯಂತ್ರ ಕೆಟ್ಟಿತು, ಕಡತಗಳನ್ನು ಹೊಸ ಯಂತ್ರಕ್ಕೆ ಹಾಕಿದೆವು. ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವೂ ಇಲ್ಲ, ಬರೀ ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರವೆಂಬುದು ತೋರಿಕೆಗೆ ಮಾತ್ರ. ಒಳಗೆ ಯಂತ್ರ ಇಟ್ಟುಕೊಳ್ಳುತ್ತಿದ್ದುದು ಇಂಗ್ಲಿಷ್ ಅಕ್ಷರದ ಸಂಕೇತವನ್ನೇ. ಅದೇ ಅಕ್ಷರಶೈಲಿ ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಮುಖವಾಡ ಕಳಚಿಬೀಳುತ್ತದೆ. ಯುನಿಕೋಡ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕನ್ನಡಕ್ಕೆ ಅದರದೇ ಆದ 128 ಸಂಕೇತಗಳ ಜಾಗ ಮೀಸಲಾಗಿದೆ, ಜಗತ್ತಿನ ಯಾವ ಮೂಲೆಯ ಯಂತ್ರದಲ್ಲಿ ತೆರೆದರೂ 'ಕ' ಎಂಬುದು 'ಕ' ಆಗಿಯೇ ಇರುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ನಮಗೆ ಅದು ಆಗ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಆ ಕಡತಗಳನ್ನು ಯಾರೋ ಅಳಿಸಿಹಾಕಿದ್ದರು. ಆದ್ದರಿಂದ ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಡಿಟಿಪಿ ಅಂಗಡಿಯಲ್ಲಿ ಅಂಥ ಹಳೆಯ ಕಡತಗಳು ಕಂಡರೆ ದಯಮಾಡಿ ಅಳಿಸಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎನ್ನುವ ಒಂದು ಬಗೆಯ ತಂತ್ರಾಂಶವಿದೆ. ಕನ್ನಡದಲ್ಲಿ ವಿಷಯ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಿಮಗೆ ಗೊತ್ತಿರುವಂಥದ್ದೇ. ಮನೆಯಲ್ಲಿ ಜೋಳ, ತೊಗರಿ, ಹೆಸರು ಎಲ್ಲ ಕಣಜದಲ್ಲಿ ಬೇರೆಬೇರೆ ಇರುತ್ತವೆ. ಅಡುಗೆಯವರು ಬೇಕಾದಷ್ಟು ತೆಗೆದು ರೊಟ್ಟಿ ಮಾಡುತ್ತಾರೆ, ಬಡಿಸುವವರು ತಾಟಿಗೆ ಹಾಕುತ್ತಾರೆ. ಉಣ್ಣುವವನು ಕಣಜಕ್ಕೆ ಕೈಹಾಕುವುದಿಲ್ಲ. ಇಲ್ಲಿಯೂ ಹಾಗೆಯೇ. ಬರಹಗಳೆಲ್ಲ ದತ್ತಸಂಚಯ ಎಂಬ ಕಣಜದಲ್ಲಿರುತ್ತವೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ತಂತ್ರಾಂಶವು ಕೇಳಿದ ಬರಹವನ್ನು ತೆಗೆದು ಪುಟವಾಗಿ ಬೇಯಿಸುತ್ತದೆ. ಅಪಾಚೆ ಎಂಬ ಸರ್ವರ್ ಅದನ್ನು ತಂದು ಬಡಿಸುತ್ತದೆ. ನಿಮ್ಮ ಫೋನಿನ ಬ್ರೌಸರ್ ತಾಟು. ಬರಹವನ್ನು ಒಮ್ಮೆ ಹಾಕಿದರೆ ಸಾಕು, ತರಗತಿವಾರು ಕೇಳಿದರೆ ತರಗತಿವಾರು, ವರ್ಷವಾರು ಕೇಳಿದರೆ ವರ್ಷವಾರು ಅದೇ ಜೋಡಿಸಿ ಕೊಡುತ್ತದೆ.

ಇಂಥ ತಂತ್ರಾಂಶಗಳು ಹಲವು ಇವೆ. ಡ್ರೂಪಲ್ 2001ರಲ್ಲಿ ಬಂತು, ಜೂಮ್ಲಾ 2005ರಲ್ಲಿ. ನಾನು ಬಳಸುವುದು 2003ರ ಮೇ 27ರಂದು ಹೊರಬಂದ ವರ್ಡ್‌ಪ್ರೆಸ್. ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಎಂಬ ಇಬ್ಬರು ಶುರುಮಾಡಿದ್ದು. ಮುಕ್ತ ತಂತ್ರಾಂಶ, ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಡ್ರೂಪಲ್ ಇದಕ್ಕಿಂತ ಶಕ್ತಿಶಾಲಿ ಎನ್ನುವವರಿದ್ದಾರೆ, ಇರಬಹುದು. ನನಗೆ ಬೇಕಾದದ್ದು ಏಳನೆಯ ತರಗತಿಯ ಹುಡುಗಿ ಅರ್ಧ ಗಂಟೆಯಲ್ಲಿ ಕಲಿಯುವಂಥದ್ದು, ಅದಕ್ಕೆ ವರ್ಡ್‌ಪ್ರೆಸ್ ಸರಿಹೋಯಿತು.

ಇದನ್ನು ಸಾಮಾನ್ಯವಾಗಿ ಅಂತರಜಾಲದಲ್ಲಿ ಬಾಡಿಗೆಗೆ ಜಾಗ ಹಿಡಿದು ಹಾಕುತ್ತಾರೆ, ವರ್ಷವರ್ಷ ಹಣ ಕಟ್ಟುತ್ತಾರೆ. ಕಟ್ಟುವುದು ತಪ್ಪಿದರೆ ಜಾಗ ಹೋಗುತ್ತದೆ. ನಮಗೆ ಆ ಬಾಡಿಗೆಯ ಉಸಾಬರಿ ಬೇಡ. ಅದೇ ಸರ್ವರನ್ನು ನಮ್ಮ ಯಂತ್ರದೊಳಗೇ ಕೂರಿಸಿಕೊಳ್ಳಬಹುದು. 4 ಜಿಬಿ ಮೆಮೊರಿಯ ಹಳೆಯ ಯಂತ್ರವಾದರೂ ನಡೆಯುತ್ತದೆ.

ಕೂರಿಸುವ ಬಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಪಾಲಿಟೆಕ್ನಿಕ್ಕಿಗೋ ಡಿಗ್ರಿಗೋ ಹೋಗುವ ಹುಡುಗರಿದ್ದರೆ ಈ ಭಾಗವನ್ನು ಅವರಿಗೆ ಓದಿಸಿ. ಎಕ್ಸ್ಯಾಂಪ್ ಎಂಬ ಉಚಿತ ತಂತ್ರಾಂಶದ ಕಟ್ಟು ಒಂದಿದೆ. ಅಪಾಚೆ ಫ್ರೆಂಡ್ಸ್ ಎಂಬ ಬಳಗದ್ದು. ಅದರಲ್ಲಿ ಅಪಾಚೆ ಸರ್ವರ್, ಮರಿಯಾಡಿಬಿ ಎಂಬ ದತ್ತಸಂಚಯ, ಪಿಎಚ್‌ಪಿ ಮೂರೂ ಒಟ್ಟಿಗೇ ಇರುತ್ತವೆ. ಸುಮಾರು 150 ಎಂಬಿ ಆಗುತ್ತದೆ. ವರ್ಡ್‌ಪ್ರೆಸ್‌ನ ಜಿಪ್ ಕಡತ ಅದಕ್ಕಿಂತ ಬಹಳ ಚಿಕ್ಕದು. ಎರಡನ್ನೂ ಜಹೀರಾಬಾದಿನಲ್ಲೋ, ಸಿಗ್ನಲ್ ಚೆನ್ನಾಗಿರುವ ಇನ್ನಾವ ಕಡೆಯೋ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಊರಿಗೆ ತಂದರೆ ಸಾಕು.

ಎಕ್ಸ್ಯಾಂಪನ್ನು ಅನುಸ್ಥಾಪಿಸುವಾಗ ಪ್ರೋಗ್ರಾಂ ಫೈಲ್ಸ್‌ನ ಒಳಗೆ ಹಾಕಬೇಡಿ, ಅಲ್ಲಿ ವಿಂಡೋಸ್ ಬರೆಯಲು ಅನುಮತಿ ಕೊಡದೆ ತಕರಾರು ಮಾಡುತ್ತದೆ. ಸಿ ಡ್ರೈವಿನಲ್ಲಿ ಅದು ತಾನೇ ಸೂಚಿಸುವ ಫೋಲ್ಡರನ್ನೇ ಒಪ್ಪಿಕೊಳ್ಳಿ. ಆಮೇಲೆ ಅದರ ಕಂಟ್ರೋಲ್ ಪ್ಯಾನೆಲ್ ತೆರೆದು ಅಪಾಚೆ ಎದುರಿನ ಸ್ಟಾರ್ಟ್ ಗುಂಡಿ, ಮೈಎಸ್‌ಕ್ಯೂಎಲ್ ಎದುರಿನ ಸ್ಟಾರ್ಟ್ ಗುಂಡಿ ಒತ್ತಿ. (ಒಳಗಿರುವುದು ಮರಿಯಾಡಿಬಿ, ಹಲಗೆಯ ಮೇಲೆ ಮಾತ್ರ ಹಳೆಯ ಹೆಸರೇ ಉಳಿದಿದೆ.) ಎರಡೂ ಹಸಿರಾದರೆ ಸರ್ವರ್ ಎದ್ದಿತು. ಅಪಾಚೆ ಏಳದಿದ್ದರೆ ಗಾಬರಿಯಾಗಬೇಡಿ. ಅದು ಕೂರುವ 80ನೆಯ ಬಾಗಿಲಲ್ಲಿ ಇನ್ನೊಂದು ತಂತ್ರಾಂಶ ಆಗಲೇ ಕೂತಿರುತ್ತದೆ. ಅಪಾಚೆಯ ಸಂರಚನಾ ಕಡತದಲ್ಲಿ ಲಿಸನ್ 80 ಎಂದಿರುವುದನ್ನು 8080 ಎಂದು ತಿದ್ದಿದರೆ ಬೇರೆ ಬಾಗಿಲಲ್ಲಿ ಕೂರುತ್ತದೆ. ಆಗ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಎಂಬುದರ ಬೆನ್ನಿಗೇ, ಓರೆಗೆರೆಗೆ ಮೊದಲು, ಒಂದು ವಿವರಣ ಚಿಹ್ನೆ ಹಾಕಿ 8080 ಸೇರಿಸಬೇಕು. ನಾನು ಈ ಒಂದು ಸಂಗತಿ ತಿಳಿಯದೆ ಎರಡು ಭಾನುವಾರ ಕಳೆದೆ.

ಮುಂದೆ, ಜಿಪ್ ಬಿಚ್ಚಿ ಬರುವ ವರ್ಡ್‌ಪ್ರೆಸ್ ಫೋಲ್ಡರನ್ನು ಎಕ್ಸ್ಯಾಂಪಿನೊಳಗಿನ ಎಚ್‌ಟಿಡಾಕ್ಸ್ ಎಂಬ ಫೋಲ್ಡರಿಗೆ ಹಾಕಿ 'ಶಾಲೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಪಿಎಚ್‌ಪಿಮೈಅಡ್ಮಿನ್ ತೆರೆದು ಅದೇ ಹೆಸರಿನ ಖಾಲಿ ದತ್ತಸಂಚಯ ಮಾಡಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಓರೆಗೆರೆ ಹಾಕಿ, ಆ ಫೋಲ್ಡರಿನ ಹೆಸರು ಬರೆಯಿರಿ. ಲೋಕಲ್‌ಹೋಸ್ಟ್ ಎಂದರೆ "ಹೊರಗೆ ಎಲ್ಲಿಯೂ ಹೋಗಬೇಡ, ಈ ಯಂತ್ರದಲ್ಲೇ ಹುಡುಕು" ಎಂದು. ಮೊದಲು ಭಾಷೆ ಕೇಳುತ್ತದೆ. ಪಟ್ಟಿಯಲ್ಲಿ ಕನ್ನಡ ಕನ್ನಡ ಲಿಪಿಯಲ್ಲೇ ಇದೆ. ಆ ಒಂದು ಕ್ಷಣಕ್ಕೆ ಅಂತರಜಾಲ ಸಂಪರ್ಕ ಬೇಕು, ಫೋನಿನ ಹಾಟ್‌ಸ್ಪಾಟ್ ಸಾಕಾಗುತ್ತದೆ. ಎಲ್ಲ ಪದಗಳೂ ಕನ್ನಡಕ್ಕೆ ಬಂದಿರುವುದಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ಅನುವಾದ ಮಾಡುವವರು ಸ್ವಯಂಸೇವಕರು. ನಿಮ್ಮ ಓದಿದ ಮಕ್ಕಳು ಬೇಕಾದರೆ ಕೈಜೋಡಿಸಬಹುದು. ಆಮೇಲೆ ದತ್ತಸಂಚಯದ ಹೆಸರು ಕೇಳುತ್ತದೆ, ಕೊಡಿ. ಬಳಕೆದಾರನ ಹೆಸರು ರೂಟ್, ಗುಪ್ತಪದ ಖಾಲಿ. ಕೊನೆಗೆ ಶಾಲೆಯ ಹೆಸರು, ನಿರ್ವಾಹಕರ ಹೆಸರು, ಗುಪ್ತಪದ. ಈ ಗುಪ್ತಪದವನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. ಮರೆತರೆ ಮಿಂಚಂಚೆಯಲ್ಲಿ ಹೊಸದು ಬರುತ್ತದೆ ಎಂದುಕೊಳ್ಳಬೇಡಿ. ಮನೆಯ ಯಂತ್ರದಲ್ಲಿ ಕೂರಿಸಿದ ಈ ವ್ಯವಸ್ಥೆಗೆ ಬೇರೆಯಾಗಿ ಹೇಳಿಕೊಡದ ಹೊರತು ಅಂಚೆ ಕಳಿಸಲು ಬರುವುದಿಲ್ಲ.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಬರುವ ಒಂದು ತೊಡಕು ಹೇಳಲೇಬೇಕು. ಬರಹಕ್ಕೆ ನೀವು ಕೊಟ್ಟ ತಲೆಬರಹದಿಂದಲೇ ವರ್ಡ್‌ಪ್ರೆಸ್ ಅದರ ವಿಳಾಸ ತಯಾರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು, ವಿಳಾಸದಲ್ಲಿ ಬರೆಯುವಾಗ ಅದು 9 ಅಕ್ಷರಗಳಷ್ಟು ಉದ್ದವಾಗುತ್ತದೆ. ವಿಳಾಸಕ್ಕಿರುವ ಜಾಗ 200 ಅಕ್ಷರ. ಲೆಕ್ಕ ಹಾಕಿ, 22 ಸಂಕೇತಕ್ಕೆ ಮುಗಿಯಿತು, ಅದರಲ್ಲೂ ಗುಣಿತಾಕ್ಷರ ಒತ್ತಕ್ಷರ ಎಲ್ಲ ಬೇರೆ ಬೇರೆ ಸಂಕೇತಗಳು. ತಲೆಬರಹ ಉದ್ದವಾದರೆ ವಿಳಾಸ ನಡುವೆಯೇ ತುಂಡಾಗುತ್ತದೆ, ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಶೇಕಡಾ ಚಿಹ್ನೆಗಳ ಮಾಲೆ ಕಾಣುತ್ತದೆ. ಆದ್ದರಿಂದ ಪರ್ಮಾಲಿಂಕ್ ಸೆಟ್ಟಿಂಗ್‌ನಲ್ಲಿ ಅಂಕಿಯ ವಿಳಾಸ ಆರಿಸಿಬಿಡಿ. ತಲೆಬರಹ ಎಷ್ಟು ಉದ್ದದ ಕನ್ನಡದಲ್ಲಾದರೂ ಇರಲಿ, ವಿಳಾಸ ಮಾತ್ರ ಒಂದು ಸಂಖ್ಯೆ.

ಯಾರು ಏನು ಮಾಡಬಹುದು ಎಂಬುದಕ್ಕೂ ಒಳ್ಳೆಯ ವ್ಯವಸ್ಥೆ ಇದೆ. ನಿರ್ವಾಹಕ, ಸಂಪಾದಕ, ಲೇಖಕ, ಕೊಡುಗೆದಾರ, ಚಂದಾದಾರ ಎಂದು ಐದು ಪಾತ್ರಗಳು. ಮಕ್ಕಳಿಗೆ ನಾನು ಕೊಡುಗೆದಾರನ ಪಾತ್ರ ಕೊಡುತ್ತೇನೆ. ಬರೆಯಬಹುದು, ತಾನೇ ಪ್ರಕಟಿಸುವ ಹಾಗಿಲ್ಲ. ಶಿಕ್ಷಕರು ಸಂಪಾದಕರಾಗಿ ಓದಿ ಪ್ರಕಟಿಸುತ್ತಾರೆ. ಹಳೆಯ ಕರಡುಗಳನ್ನೂ ಅದು ಇಟ್ಟುಕೊಂಡಿರುತ್ತದೆ, ಆದ್ದರಿಂದ ಜೂನ್‌ನಲ್ಲಿ ಮಗು ಬರೆದ ವಾಕ್ಯ ತಿದ್ದಿದ ಮೇಲೆ ಹೇಗಾಯಿತು ಎಂದು ಪಕ್ಕಪಕ್ಕದಲ್ಲಿ ನೋಡಬಹುದು. ಕೆಂಪು ಶಾಯಿಗಿಂತ ಇದು ಮಕ್ಕಳಿಗೆ ಹೆಚ್ಚು ಹಿಡಿಸಿದೆ. ನನಗೂ.

ಇನ್ನು ನಿಮ್ಮ ಫೋನಿಗೆ ಅದು ಬರುವುದು ಹೇಗೆ ಎಂಬ ಪ್ರಶ್ನೆ. ಒಂದು ಸಾಮಾನ್ಯ ವೈಫೈ ರೂಟರ್ ಇದ್ದರೆ ಸಾಕು, ಅದಕ್ಕೆ ಅಂತರಜಾಲದ ಸಂಪರ್ಕ ಬೇಕಾಗಿಲ್ಲ. ಶಾಲೆಯ ಯಂತ್ರವೂ ನಿಮ್ಮ ಫೋನೂ ಆ ರೂಟರಿಗೆ ಸೇರಿದರೆ ಶಾಲೆಯ ಅಂಗಳದಲ್ಲಿ ಕೂತು ಎಲ್ಲವನ್ನೂ ಓದಬಹುದು, ಡೇಟಾ ಖರ್ಚಿಲ್ಲ. ಆದರೆ ಫೋನಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ನಡೆಯದು, ಅದು ತನ್ನೊಳಗೇ ಹುಡುಕಿಕೊಳ್ಳುತ್ತದೆ. 192.168 ಎಂದು ಶುರುವಾಗುವ ಯಂತ್ರದ ಸಂಖ್ಯಾ ವಿಳಾಸ ಬಳಸಬೇಕು, ವರ್ಡ್‌ಪ್ರೆಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿಯೂ ತಾಣದ ವಿಳಾಸವನ್ನು ಅದಕ್ಕೇ ಬದಲಿಸಬೇಕು, ರೂಟರಿನಲ್ಲಿ ಆ ಸಂಖ್ಯೆಯನ್ನು ಯಂತ್ರಕ್ಕೆ ಕಾಯಂ ಮಾಡಬೇಕು. ವಿಂಡೋಸ್‌ನ ಫೈರ್‌ವಾಲ್ ಅಪಾಚೆಯನ್ನು ಬಿಡಬೇಕೇ ಎಂದು ಕೇಳಿದಾಗ ಖಾಸಗಿ ಜಾಲಕ್ಕೆ ಮಾತ್ರ ಒಪ್ಪಿಗೆ ಕೊಡಿ. ಇಷ್ಟಾದರೂ ಕೆಲವರ ಫೋನಿನಲ್ಲಿ ಪುಟ ತೆರೆಯಲಿಲ್ಲ. ನೋಡಿದರೆ, ವೈಫೈಯಲ್ಲಿ ಅಂತರಜಾಲ ಇಲ್ಲವೆಂದು ಫೋನೇ ಜಾಣತನ ಮಾಡಿ ಮೊಬೈಲ್ ಡೇಟಾಕ್ಕೆ ಹೊರಳುತ್ತಿತ್ತು. ಡೇಟಾ ಆರಿಸಿದರೆ ಸರಿಯಾಯಿತು.

ಈಗ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು, ಏಕೆಂದರೆ ನಷ್ಟವಾದದ್ದು ನಿಮ್ಮ ಮಕ್ಕಳಿಗೆ.

ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯ ಹಿರಿಯರನ್ನು ಕೇಳಿ ಒಕ್ಕಲುತನದ ಮಾತುಗಳನ್ನು ಬರೆದುಕೊಂಡು ಬರುವುದು. ಕೂರಿಗೆ, ಕುಂಟೆ, ರಂಟೆ, ಎಡೆ ಹೊಡೆಯುವುದು, ರಾಶಿ, ಹಗೇವು, ಇಂಥವು. ಮಕ್ಕಳು ಬಹಳ ಉತ್ಸಾಹದಿಂದ ತಂದರು. ಹಗೇವು ಎಂದರೆ ನೆಲದಲ್ಲಿ ತೋಡಿದ ಜೋಳದ ಕಣಜ ಎಂಬುದು ನಮ್ಮ ಶಾಲೆಯ ಅರ್ಧ ಮಕ್ಕಳಿಗೆ ತಿಳಿದಿರಲಿಲ್ಲ. ಒಬ್ಬ ಹುಡುಗಿಯ ಅಜ್ಜಿ ಒಂದೊಂದು ಮಳೆಯ ಹೆಸರಿಗೂ ಆ ಮಳೆಯಲ್ಲಿ ಏನು ಬಿತ್ತಬೇಕು, ಏನು ಬಿತ್ತಬಾರದು ಎಂದು ಹೇಳಿಕೊಟ್ಟಿದ್ದರು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ತಮ್ಮ ಮಾತುಗಳನ್ನೂ ಪಕ್ಕದಲ್ಲಿ ಸೇರಿಸಿದರು. ಎಲ್ಲವನ್ನೂ ಮಕ್ಕಳೇ ಯಂತ್ರಕ್ಕೆ ಹಾಕಿದರು.

ಏಪ್ರಿಲ್‌ನ ಒಂದು ಮಧ್ಯಾಹ್ನ ಗಾಳಿ ಎದ್ದು ಕರೆಂಟ್ ಹೋಯಿತು. ಯಂತ್ರಕ್ಕೆ ಯುಪಿಎಸ್ ಇರಲಿಲ್ಲ. ಮರುದಿನ ಅಪಾಚೆ ಹಸಿರಾಯಿತು, ಮೈಎಸ್‌ಕ್ಯೂಎಲ್ ಆಗಲಿಲ್ಲ. ಬರೆಯುವ ಹೊತ್ತಿಗೆ ಕರೆಂಟ್ ಹೋದದ್ದರಿಂದ ಕಣಜದ ಕಡತ ಕೆಟ್ಟಿತ್ತು. ಐಬಿಡೇಟಾ1 ಎಂಬ ಕಡತ ಅಳಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು, ನಾನು ಅಳಿಸಿದೆ. ಹಸಿರೇನೋ ಆಯಿತು. ಒಳಗೆ ಹೋಗಿ ನೋಡಿದರೆ ಕೋಷ್ಟಕಗಳ ಹೆಸರಿದೆ, ಯಾವುದೂ ತೆರೆಯುವುದಿಲ್ಲ. ಯಾವ ಬರಹ ಎಲ್ಲಿದೆ ಎಂಬ ಮುಖ್ಯ ಲೆಕ್ಕವೇ ಆ ಕಡತದಲ್ಲಿ ಇರುತ್ತದೆ ಎಂದು ಆಮೇಲೆ ಓದಿ ತಿಳಿದೆ. ನಕಲು ತೆಗೆದಿಟ್ಟದ್ದು ಜನವರಿಯದು. ಮೂರು ತಿಂಗಳ ಬರಹ ಹೋಯಿತು.

ಕೆಲವು ಮಕ್ಕಳ ನೋಟುಬುಕ್ಕಿನಲ್ಲಿ ಉಳಿದಿತ್ತು, ಮತ್ತೆ ಬರೆಸಿದೆವು. ಕೆಲವರ ನೋಟುಬುಕ್ಕು ರದ್ದಿಗೆ ಹೋಗಿತ್ತು. ಆ ಹುಡುಗಿಯ ಮನೆಗೆ ನಾನೇ ಹೋಗಿ ಅಜ್ಜಿಯ ಮುಂದೆ ಕೂತು, ಹೀಗಾಯಿತು, ಇನ್ನೊಮ್ಮೆ ಹೇಳಬೇಕು ಎಂದೆ. ಅಜ್ಜಿ ನನ್ನನ್ನು ಒಂದು ಕ್ಷಣ ನೋಡಿ, "ಬೀಜ ಯಾರರ ಒಂದೇ ಮನ್ಯಾಗ ಇಡ್ತಾರೇನೋ ಮಾಸ್ತರ?" ಎಂದರು. ಆಮೇಲೆ ಹೇಳಿಕೊಟ್ಟರು, ಆದರೆ ಮೊದಲು ಹೇಳಿದ್ದೆಲ್ಲ ಅವರಿಗೂ ನೆನಪಾಗಲಿಲ್ಲ.

ನಮ್ಮ ಈ ಸೀಮೆಯಲ್ಲಿ ಅಜ್ಜಿಯ ಆ ಮಾತು ಎಲ್ಲರಿಗೂ ತಿಳಿಯುತ್ತದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿಕೊಂಡು ಬಂದದ್ದು ನಿಮಗೆ ಗೊತ್ತು. ಆ ಸಂಘದ ದಲಿತ ಹೆಣ್ಣುಮಕ್ಕಳೇ 2008ರ ಅಕ್ಟೋಬರ್ 15ರಿಂದ ಮಾಚನೂರಿನಲ್ಲಿ ಸಂಗಂ ರೇಡಿಯೋ ನಡೆಸಿದರು. ಹೆಚ್ಚು ಓದಿಲ್ಲದ ಹೆಣ್ಣುಮಕ್ಕಳು ಧ್ವನಿಮುದ್ರಣ, ಸಂಕಲನ, ಪ್ರಸಾರ ಎಲ್ಲ ಕಲಿತರು. ಯಂತ್ರ ನಮ್ಮಿಂದ ಆಗದು ಎಂದು ಯಾರಾದರೂ ಹೇಳಿದಾಗ ನಾನು ಮಾಚನೂರಿನ ದಾರಿ ತೋರಿಸುತ್ತೇನೆ, ದೂರವೇನಿಲ್ಲ.

ಈಗ ನಾವು ಮಾಡುತ್ತಿರುವುದು ಇಷ್ಟು. ಸಂಜೆ ಯಂತ್ರ ಆರಿಸುವ ಮೊದಲು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಮೈಎಸ್‌ಕ್ಯೂಎಲ್ ನಿಲ್ಲಿಸಿ, ಆಮೇಲೆ ಅಪಾಚೆ ನಿಲ್ಲಿಸಿ, ಕೊನೆಗೆ ಯಂತ್ರ ಆರಿಸುತ್ತೇವೆ. ಪ್ರತಿ ಶನಿವಾರ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಇಡೀ ಕಣಜ ಒಂದು ಕಡತವಾಗಿ ಬರುತ್ತದೆ. ಅದಷ್ಟೇ ಸಾಲದು, ಚಿತ್ರಗಳು ಕಣಜದಲ್ಲಿ ಇರುವುದಿಲ್ಲ, ವರ್ಡ್‌ಪ್ರೆಸ್ ಫೋಲ್ಡರಿನೊಳಗಿನ ಡಬ್ಲ್ಯೂಪಿ-ಕಂಟೆಂಟ್‌ನಲ್ಲಿ ಬೇರೆಯಾಗಿ ಇರುತ್ತವೆ, ಅದನ್ನೂ ನಕಲು ಮಾಡಬೇಕು. ಎರಡನ್ನೂ ಮೂರು ಪೆನ್‌ಡ್ರೈವಿಗೆ ಹಾಕುತ್ತೇವೆ. ಒಂದು ಶಾಲೆಯಲ್ಲಿ, ಒಂದು ನನ್ನ ಮನೆಯಲ್ಲಿ. ಮೂರನೆಯದು ಪಾಲಕರೊಬ್ಬರ ಮನೆಯಲ್ಲಿ ಇರಬೇಕೆಂಬುದು ನನ್ನ ಕೋರಿಕೆ, ತಿಂಗಳಿಗೊಬ್ಬರಂತೆ. ನಾನು ನಾಳೆ ವರ್ಗವಾಗಿ ಹೋಗಬಹುದು, ನೀವು ಇಲ್ಲಿಯೇ ಇರುವವರು. ತಿಂಗಳಿಗೊಮ್ಮೆ ಆ ನಕಲನ್ನು ಇನ್ನೊಂದು ಯಂತ್ರಕ್ಕೆ ಇಂಪೋರ್ಟ್ ಮಾಡಿ ತೆರೆದೂ ನೋಡುತ್ತೇವೆ. ತೆರೆಯದ ನಕಲು ಇದ್ದೂ ಇಲ್ಲದಂತೆ.

ಕೆಲವು ಎಚ್ಚರಿಕೆಗಳನ್ನು ಬೇಗ ಹೇಳಿಬಿಡುತ್ತೇನೆ. ಎಕ್ಸ್ಯಾಂಪ್ ಇರುವುದು ಮನೆಯೊಳಗಿನ ಬಳಕೆಗೆ. ಅದರ ರೂಟ್‌ಗೆ ಗುಪ್ತಪದವೇ ಇರುವುದಿಲ್ಲ. ಇದನ್ನು ಹಾಗೆಯೇ ಅಂತರಜಾಲಕ್ಕೆ ತೆರೆದಿಡುವುದೆಂದರೆ ಸಂತೆಯ ದಿನ ಬಾಗಿಲು ತೆಗೆದಿಟ್ಟು ಹೊಲಕ್ಕೆ ಹೋದ ಹಾಗೆ. ಮಕ್ಕಳ ಆಧಾರ್ ಸಂಖ್ಯೆ, ಫೋನ್ ಸಂಖ್ಯೆ, ಜಾತಿ ಪ್ರಮಾಣಪತ್ರ ಇವು ಯಾವುವೂ ಇದರಲ್ಲಿ ಬೇಡ. ಮಕ್ಕಳ ಸಂಖ್ಯೆ ಇರಲಿ, ಹಾಜರಿ ಪುಸ್ತಕ ಇರುವಲ್ಲಿಯೇ ಇರಲಿ. ಅಂಗಡಿಯಲ್ಲಿ ಮಾರುವ ಪುಸ್ತಕದ ಪುಟಗಳನ್ನು ಫೋಟೋ ಹೊಡೆದು ಹಾಕಬಾರದು, ಅದು ಬರೆದವರ ಹಕ್ಕು. ವಿಕಿಪೀಡಿಯ ಹಾಗಲ್ಲ, ಅದು ಎಲ್ಲರಿಗೂ ಮುಕ್ತ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಪೂರ್ತಿಯಾಗಿ ಇಳಿಸಿಕೊಂಡು ಅಂತರಜಾಲ ಇಲ್ಲದೆಯೂ ಓದಬಹುದು. ಅದನ್ನೂ ಅದೇ ಯಂತ್ರದಲ್ಲಿಡಬೇಕೆಂದಿದ್ದೇನೆ.

ಬಾಗಿಲಲ್ಲಿ ನನ್ನನ್ನು ಹಿಡಿದ ಪಾಲಕರು ಇನ್ನೂ ಇಲ್ಲೇ ಕೂತಿದ್ದಾರೆ, ಅವರಿಗೆ ಉತ್ತರ ಬಾಕಿ ಇದೆ. ಅಣ್ಣಾ, ಗುಂಡಿ ಒತ್ತುವುದನ್ನು ಹುಡುಗರು ಮಾಡುತ್ತಾರೆ. ಒಳಗೆ ಹಾಕಬೇಕಾದ ಕಾಳು ಇರುವುದು ನಿಮ್ಮ ಮನೆಯಲ್ಲಿ. ನಿಮ್ಮ ಟ್ರಂಕಿನಲ್ಲಿ ನಿಮ್ಮ ತಂದೆಯ ಕಾಲದ ಕನ್ನಡ ಪಾಠಪುಸ್ತಕ ಇರಬಹುದು, ಇದೇ ಊರಿನ ಶಾಲೆಯ ಹಳೆಯ ಅಂಕಪಟ್ಟಿ ಇರಬಹುದು, ಕನ್ನಡ ಶಿಕ್ಷಕರು ಬೇಕೆಂದು ಊರವರೆಲ್ಲ ಸಹಿ ಹಾಕಿ ಕೊಟ್ಟ ಅರ್ಜಿಯ ಪ್ರತಿ ಇರಬಹುದು, ಕಚೇರಿಯಿಂದ ಬಂದ ಉತ್ತರ ಇರಬಹುದು. 2022-23ನೆಯ ಸಾಲಿನಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ನಮ್ಮಂಥ ಶಾಲೆಗಳಿಗೆ ಎಷ್ಟು ಮಕ್ಕಳು ಎಂಬ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಆ ಪ್ರಶ್ನೆ ಬಂದಾಗ ಮೇಜಿನ ಮೇಲೆ ಇಡಲು ನಮಗೆ ಆ ಕಾಗದಗಳು ಬೇಕು.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮತ್ತು ಹತ್ತನೆಯ ತರಗತಿಯ ಮಕ್ಕಳು ಯಂತ್ರದ ಕೋಣೆಯಲ್ಲಿ ಇರುತ್ತೇವೆ. ಕಾಗದಗಳನ್ನು ತನ್ನಿ. ಫೋನಿನಲ್ಲಿ ಚಿತ್ರ ತೆಗೆದುಕೊಂಡು ಅಲ್ಲಿಯೇ ನಿಮ್ಮ ಕೈಗೆ ವಾಪಸು ಕೊಡುತ್ತೇವೆ, ಒಂದು ರಾತ್ರಿಯೂ ಇಟ್ಟುಕೊಳ್ಳುವುದಿಲ್ಲ. ಮೂರನೆಯ ಪೆನ್‌ಡ್ರೈವನ್ನು ಈ ತಿಂಗಳು ಯಾರು ಒಯ್ಯುತ್ತೀರಿ ಎಂಬುದನ್ನು ಈಗ ಹೊರಡುವ ಮೊದಲೇ ಹೇಳಿಹೋಗಿ.